ಅರ್ಧ ಬೆಲೆಯ ಬೋರ್ಡು ಕಂಡಾಗ: ರಿಯಾಯಿತಿ ಮಳಿಗೆಗೆ ಮೊದಲ ಸಲ ಹೋಗುವವರಿಗೆ

ನಮ್ಮ ಕಡೆ ಬಟ್ಟೆ ತರುವುದೆಂದರೆ ಗಾದಿಯ ಮೇಲೆ ಕೂತು, ಅಂಗಡಿಯವರು ಒಂದೊಂದೇ ಬಿಚ್ಚಿ ಹಾಕುವುದನ್ನು ನೋಡುವುದು. ಕೂಡ್ಲಿಗಿಯಿರಲಿ, ಕೊಟ್ಟೂರಿರಲಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಿರಲಿ, ಅಂಗಡಿಯವರಿಗೆ ನಮ್ಮ ಮನೆತನ ಗೊತ್ತು, ಉದ್ರಿ ಎಷ್ಟಿದೆ ಗೊತ್ತು, ಹೋದ ದೀಪಾವಳಿಗೆ ಏನು ಒಯ್ದೆವು ಎನ್ನುವುದೂ ಗೊತ್ತು. "ಮನೆಗೆ ಒಯ್ದು ತೋರಿಸಿ, ಬ್ಯಾಡಾದ್ರೆ ನಾಳೆ ತನ್ನಿ" ಎನ್ನುತ್ತಾರೆ.

ದಾವಣಗೆರೆ, ಹೊಸಪೇಟೆ, ಬಳ್ಳಾರಿ, ಹುಬ್ಬಳ್ಳಿಯ ದೊಡ್ಡ ರಿಯಾಯಿತಿ ಮಳಿಗೆಗಳಲ್ಲಿ ಗಾದಿಯಿಲ್ಲ, ಬಿಚ್ಚಿ ತೋರಿಸುವವರಿಲ್ಲ, ಚೌಕಾಶಿಯಂತೂ ಇಲ್ಲವೇ ಇಲ್ಲ. ಗಾಜಿನ ಬಾಗಿಲು, ತಣ್ಣನೆ ಗಾಳಿ, ಸಾಲುಸಾಲು ಹ್ಯಾಂಗರ್, ಮೇಲೆ ಕೆಂಪು ಅಕ್ಷರದಲ್ಲಿ '50% ಆಫ್'. ಒಳಗೆ ಹೋದರೆ ಕೊಳ್ಳಲೇಬೇಕೇನೋ, ಮುಟ್ಟಿದರೆ ಬೈಯುತ್ತಾರೇನೋ ಎಂದು ಬಾಗಿಲಲ್ಲೇ ನಿಲ್ಲುವವರು ಬಹಳ. ಭಯಪಡಬೇಡಿ. ಅಲ್ಲಿ ಮುಟ್ಟಬಹುದು, ಹಾಕಿ ನೋಡಬಹುದು, ಏನೂ ಕೊಳ್ಳದೆ ಹೊರಗೆ ಬರಬಹುದು. ಯಾರೂ ಏನೂ ಅನ್ನುವುದಿಲ್ಲ. ಎಚ್ಚರ ಬೇಕಾಗಿರುವುದು ಬೇರೆ ಕಡೆ. ಆ ಕೆಂಪು ಅಕ್ಷರ 'ಎಷ್ಟು ಕಡಿಮೆ' ಎಂದು ಹೇಳುತ್ತದೆಯೇ ಹೊರತು ಆ ಬಟ್ಟೆಗೆ ಎಷ್ಟು ಕೊಡಬಹುದು ಎಂದು ಹೇಳುವುದಿಲ್ಲ. ಅದನ್ನು ನೀವೇ ತೀರ್ಮಾನಿಸಬೇಕು, ಅದೂ ಮನೆಯಿಂದ ಹೊರಡುವ ಮೊದಲೇ.

ಹಂತ 1: ಅಂಗಡಿ ಯಾವ ಬಗೆಯದು ಎಂದು ತಿಳಿದುಕೊಳ್ಳಿ

ಎಲ್ಲ ರಿಯಾಯಿತಿಯೂ ಒಂದೇ ಅಲ್ಲ. ಮೊದಲನೆಯದು, ನಿಜವಾದ ಆಫ್-ಪ್ರೈಸ್ ಮಳಿಗೆ. ಬೇರೆ ಬೇರೆ ಬ್ರಾಂಡುಗಳ ಮಿಕ್ಕ ಮಾಲು ಇಲ್ಲಿಗೆ ಬರುತ್ತದೆ: ಸೀಸನ್ ಮುಗಿದದ್ದು, ಆರ್ಡರ್ ರದ್ದಾದದ್ದು, ಎಲ್ಲ ಸೈಜ್ ಹೋಗಿ ಎರಡೇ ಸೈಜ್ ಉಳಿದದ್ದು. ಕಂಪನಿಗೆ ಗೋದಾಮು ಖಾಲಿಯಾಗಬೇಕು, ಅದಕ್ಕೇ ಅಗ್ಗ. ಇದು ಹಳೆಯ ಉಪಾಯ. ಅಮೆರಿಕದ ಬಾಸ್ಟನ್ ನಗರದಲ್ಲಿ ಫೈಲೀನ್ಸ್ ಎಂಬ ದೊಡ್ಡ ಅಂಗಡಿಯವರು 1909ರಲ್ಲೇ ತಮ್ಮ ನೆಲಮಾಳಿಗೆಯಲ್ಲಿ ಮಿಕ್ಕ ಮಾಲಿಗೆಂದು ಒಂದು ವಿಭಾಗ ತೆರೆದರು. ದಿನ ಕಳೆದ ಹಾಗೆಲ್ಲ ಬೆಲೆ ತಾನಾಗಿ ಇಳಿಯುತ್ತ ಹೋಗುತ್ತಿತ್ತು, ಕೊನೆಗೂ ಹೋಗದೆ ಉಳಿದದ್ದನ್ನು ದಾನಕ್ಕೆ ಕೊಡುತ್ತಿದ್ದರು. ಮಗಳೋ ಮಗನೋ ಅಮೆರಿಕದಲ್ಲಿದ್ದು, ಅಲ್ಲಿಗೆ ಹೋಗಿ ಬಂದವರು ಟೀಜೆ ಮ್ಯಾಕ್ಸ್, ರಾಸ್ ಎಂಬ ಹೆಸರು ಹೇಳಿದ್ದರೆ, ಅವು ಇದೇ ಬಗೆಯವು.

ಎರಡನೆಯದು, ಒಂದೇ ಕಂಪನಿಯ ಫ್ಯಾಕ್ಟರಿ ಔಟ್‌ಲೆಟ್. ಇಲ್ಲಿ ಮಿಕ್ಕ ಮಾಲಿನ ಜೊತೆಗೆ, ಔಟ್‌ಲೆಟ್‌ಗಾಗಿಯೇ ಅಗ್ಗದ ಬಟ್ಟೆಯಲ್ಲಿ ಹೊಲಿಸಿದ ಮಾಲೂ ಇರಬಹುದು. ಹೆಸರು ಅದೇ, ನೂಲು ಬೇರೆ.

ಮೂರನೆಯದು ಜುಡಿಯೊ, ಮ್ಯಾಕ್ಸ್, ಟ್ರೆಂಡ್ಸ್ ತರಹದವು. ಇವನ್ನು ಬಹಳ ಜನ ರಿಯಾಯಿತಿ ಅಂಗಡಿ ಎಂದುಕೊಳ್ಳುತ್ತಾರೆ. ಆದರೆ ಇಲ್ಲಿ ಮುಖ್ಯವಾಗಿ ಸಿಗುವುದು ಅವರದೇ ಹೆಸರಿನ ಬಟ್ಟೆ, ಮೊದಲಿನಿಂದಲೇ ಕಡಿಮೆ ಬೆಲೆಗೆ ಮಾಡಿಸಿದ್ದು. ಒಳ್ಳೆಯದೇ, ಆದರೆ ಲೆಕ್ಕ ಬೇರೆ.

ನಾಲ್ಕನೆಯದು ಆಷಾಢದ ಸೇಲ್. ಮದುವೆಯಿಲ್ಲದ ತಿಂಗಳು ವ್ಯಾಪಾರ ಕುಳಿತುಬಿಡುತ್ತದೆ ಎಂದು ಮಾಮೂಲಿ ಬಟ್ಟೆ ಅಂಗಡಿಗಳೇ ಬೆಲೆ ಇಳಿಸುತ್ತವೆ. ಸೀರೆಗೆ ನನ್ನ ಮತ ಯಾವತ್ತೂ ಇದಕ್ಕೇ. ಮಿಕ್ಕ ಮಾಲಿನ ಮಳಿಗೆಯಲ್ಲಿ ಪ್ಯಾಂಟು, ಶರ್ಟು, ಮಕ್ಕಳ ಬಟ್ಟೆ, ಬೂಟು, ಬ್ಯಾಗು ನೋಡಿ. ಸೀರೆಗೆ ಗಾದಿಯ ಅಂಗಡಿಯೇ ಸರಿ.

ಹಂತ 2: ಏನು ಬೇಕು, ಎಷ್ಟು ಕೊಡುತ್ತೀರಿ ಎಂದು ಬರೆದುಕೊಳ್ಳಿ

ಒಂದು ಚೀಟಿ ತೆಗೆದುಕೊಳ್ಳಿ. ಎಡಗಡೆ ವಸ್ತು, ಬಲಗಡೆ ನಿಮ್ಮ ಬೆಲೆ. 'ಮಗನಿಗೆ ಕಾಲೇಜಿಗೆ ಪ್ಯಾಂಟ್ 2, ಒಂದಕ್ಕೆ 600ರೊಳಗೆ. ಯಜಮಾನರಿಗೆ ಬಿಳಿ ಶರ್ಟ್ 1, 500ರೊಳಗೆ.' ಅಷ್ಟೇ.

ಆ ಬೆಲೆ ಎಲ್ಲಿಂದ ತರುವುದು? ನಿಮ್ಮೂರಿನ ಅಂಗಡಿಯಿಂದಲೇ. ಅಂಥದೇ ಶರ್ಟಿಗೆ ನಿಮ್ಮ ಪೇಟೆಯಲ್ಲಿ ಎಷ್ಟು ಹೇಳುತ್ತಾರೆ ಎಂದು ಕೇಳಿಟ್ಟುಕೊಳ್ಳಿ. ದೊಡ್ಡ ಮಳಿಗೆಯಲ್ಲಿ ಟ್ಯಾಗಿನ ಮೇಲೆ 2,499 ಹೊಡೆದು 999 ಎಂದು ಬರೆದಿದ್ದರೆ ನೀವು ಹೋಲಿಸಬೇಕಾದ್ದು 2,499ರ ಜೊತೆಗಲ್ಲ, ಕೊಟ್ಟೂರಿನ 700ರ ಜೊತೆಗೆ.

ಗಮನಿಸಿ: ಜೀನ್ಸ್ ವಿಷಯದಲ್ಲಿ ನಾವು ಬೇರೆಯವರಿಗಿಂತ ಅದೃಷ್ಟವಂತರು. ಬಳ್ಳಾರಿ ಜೀನ್ಸ್ ಹೊಲಿಯುವ ಊರು. ಕತ್ತರಿಸುವುದು, ಹೊಲಿಯುವುದು, ವಾಷಿಂಗ್, ಎಲ್ಲ ಅಲ್ಲೇ, ನೂರಾರು ಸಣ್ಣ ಘಟಕಗಳಲ್ಲಿ. ಅಲ್ಲಿಯದೇ ಹೆಸರಿನ, ದಪ್ಪ ಡೆನಿಮ್‌ನ ಪ್ಯಾಂಟ್ ಒಂದನ್ನು ಮೊದಲು ಕೈಯಲ್ಲಿ ಹಿಡಿದು ನೋಡಿ, ಬೆಲೆ ಕೇಳಿ. ಆಮೇಲೆ '70% ಆಫ್' ಎಂದ ಬ್ರಾಂಡೆಡ್ ಜೀನ್ಸ್ ಮುಟ್ಟಿ ನೋಡಿ. ಎಷ್ಟೋ ಸಲ ಬಳ್ಳಾರಿಯದೇ ಗೆಲ್ಲುತ್ತದೆ.

ಹಂತ 3: ಮನೆಯವರ ಅಳತೆ ತೆಗೆದುಕೊಳ್ಳಿ

ಟೈಲರ್ ಟೇಪ್ ಒಂದು ಇಟ್ಟುಕೊಳ್ಳಿ. ಎದೆ, ಸೊಂಟ, ಪ್ಯಾಂಟಿನ ಉದ್ದ, ಬೂಟಿಗೆ ಪಾದದ ಉದ್ದ. ಇದಕ್ಕಿಂತ ಸುಲಭ ದಾರಿ, ಸರಿಯಾಗಿ ಕೂರುವ ಹಳೆಯ ಶರ್ಟನ್ನು ಮಂಚದ ಮೇಲೆ ಹಾಸಿ ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ಅಳೆಯುವುದು. ಬಂದದ್ದನ್ನು ಇಮ್ಮಡಿ ಮಾಡಿ.

ಟ್ಯಾಗಿನಲ್ಲಿ ಸೆಂಟಿಮೀಟರ್ ಇರುತ್ತದೆ. ನಮಗೆ ರೂಢಿ ಇಂಚು. ಗಾಬರಿಯಾಗಬೇಡಿ, ಒಂದು ಇಂಚಿಗೆ 2.54 ಸೆಂಟಿಮೀಟರ್. ಸೊಂಟ 32 ಇಂಚು ಎಂದರೆ ಸುಮಾರು 81, 34 ಎಂದರೆ 86, 36 ಎಂದರೆ 91. ಎದೆ 38 ಎಂದರೆ 97 ಸೆಂಟಿಮೀಟರ್, 40 ಎಂದರೆ 102. ಚೀಟಿಯ ಹಿಂದೆ ಬರೆದುಕೊಳ್ಳಿ.

ಮೊದಲ ಸಲದವರು ಹೆಚ್ಚಾಗಿ ಜಾರುವುದು ಇಲ್ಲೇ. 'ಎಲ್ ಅಂದ್ರೆ ಎಲ್' ಎಂದು ನಂಬಿ ತರುತ್ತಾರೆ. ಆದರೆ ಈ ಬ್ರಾಂಡಿನ ಎಲ್ ಆ ಬ್ರಾಂಡಿನ ಎಂ ಆಗಿರುತ್ತದೆ. ಹತ್ತು ಕಂಪನಿಗಳ ಮಿಕ್ಕ ಮಾಲು ಒಂದೇ ಹ್ಯಾಂಗರ್ ಸಾಲಿನಲ್ಲಿರುವಾಗ ಅಕ್ಷರ ಬಿಡಿ, ಸೆಂಟಿಮೀಟರ್ ಹಿಡಿಯಿರಿ. ಮಕ್ಕಳದ್ದೂ ಹಾಗೆಯೇ. '7–8 ವರ್ಷ' ಎಂದಿರುವುದು ಯಾರ ಮನೆಯ ಮಗುವಿನ ಏಳು ವರ್ಷವೋ!

ಹಂತ 4: ದಿನ ಗೊತ್ತುಮಾಡಿ, ದಾರಿ ಖರ್ಚು ಕೂಡಿಸಿ

ಬೆಲೆ ಇಳಿಯುವ ಹಂಗಾಮು ವರ್ಷದಲ್ಲಿ ಎರಡು. ಸಂಕ್ರಾಂತಿ ಸುತ್ತಮುತ್ತ ಜನವರಿಯಲ್ಲಿ ಒಂದು, ಆಷಾಢ–ಶ್ರಾವಣದ ಜುಲೈ, ಆಗಸ್ಟ್‌ನಲ್ಲಿ ಇನ್ನೊಂದು. ನಮ್ಮ ತಾಲ್ಲೂಕುಗಳಿಗೆ ಜನವರಿಯದು ಚೆನ್ನಾಗಿ ಹೊಂದುತ್ತದೆ. ಮೆಕ್ಕೆಜೋಳದ ದುಡ್ಡು ಅಷ್ಟೊತ್ತಿಗೆ ಕೈಸೇರಿರುತ್ತದೆ, ಮೈಲಾರದ ಕಾರಣಿಕ, ಕೊಟ್ಟೂರಿನ ತೇರು ಫೆಬ್ರುವರಿ ಆಸುಪಾಸಿನಲ್ಲಿ ಬರುತ್ತವೆ. ತೇರಿಗೆ ಹೊಸ ಬಟ್ಟೆ ಬೇಕಾದವರು ತೇರಿನ ಹಿಂದಿನ ದಿನ ಪೇಟೆಗೆ ಓಡುವ ಬದಲು ಜನವರಿಯಲ್ಲೇ ಹೋಗಿ ಬನ್ನಿ.

ವಾರದ ನಡುವಿನ ದಿನ ಆರಿಸಿ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋದರೆ ಟ್ರಯಲ್ ರೂಮ್ ಮುಂದೆ ಸಾಲಿರುವುದಿಲ್ಲ, ಕೆಲಸದ ಹುಡುಗರಿಗೂ ಮಾತಾಡಲು ಪುರುಸೊತ್ತಿರುತ್ತದೆ.

ಈಗ ದಾರಿ. ಹರಪನಹಳ್ಳಿಯವರಿಗೆ ದಾವಣಗೆರೆ ಸಲೀಸು, 2018ರವರೆಗೆ ಅದೇ ಜಿಲ್ಲೆಯಲ್ಲಿದ್ದ ತಾಲ್ಲೂಕು ಅದು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯವರಿಗೆ ಹೊಸಪೇಟೆ. ಕೊಟ್ಟೂರಿನವರು ಎರಡೂ ಕಡೆ ನೋಡಬಹುದು. ಹಡಗಲಿಯವರು ಹೊಸಪೇಟೆ ಇಲ್ಲವೇ ಹೊಳೆ ದಾಟಿ ಗದಗ, ಹುಬ್ಬಳ್ಳಿ. ಹೊಸಪೇಟೆ–ಹರಿಹರ ರೈಲು ಮಾರ್ಗ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಯ ಮೇಲೇ ಹೋಗುತ್ತದೆ, ಆದರೆ ವಾಪಸ್ ಗಾಡಿ ಎಷ್ಟೊತ್ತಿಗೆ ಎಂದು ಸ್ಟೇಷನ್ನಿನಲ್ಲಿ ಕೇಳಿಕೊಂಡೇ ಹತ್ತಿ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಿದೆ. ಸರ್ಕಾರದ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಟಿಕೆಟ್ಟಿಗೆ ದುಡ್ಡಿಲ್ಲ. ಸ್ಲೀಪರ್, ಎಸಿ, ರಾಜಹಂಸಕ್ಕೆ ಅದು ನಡೆಯುವುದಿಲ್ಲ.

ಗಂಡಸರ ಬಸ್ ಚಾರ್ಜು, ಮಧ್ಯಾಹ್ನದ ಊಟ, ಆಟೊ, ಹೋದ ಒಂದು ದಿನದ ಕೂಲಿ, ಎಲ್ಲ ಕೂಡಿಸಿ. ದಾವಣಗೆರೆಗೆ ಹೋದರೆ ಬೆಣ್ಣೆ ದೋಸೆ ತಿನ್ನದೆ ಬರುವವರನ್ನು ನಾನಂತೂ ನೋಡಿಲ್ಲ, ಅದನ್ನೂ ಸೇರಿಸಿ. ಒಟ್ಟು 700 ಆಯಿತೆನ್ನಿ. ಒಂದು ಶರ್ಟಿನಲ್ಲಿ 200 ಉಳಿಸಲು ಅಷ್ಟು ದೂರ ಹೋಗುವುದು ದಂಡ. ಮನೆಮಂದಿಗೆಲ್ಲ ಏಳೆಂಟು ಬಟ್ಟೆ ತರುವುದಿದ್ದರೆ, ಅಥವಾ ಆಸ್ಪತ್ರೆ, ಕೋರ್ಟು, ಮದುವೆ ಎಂದು ಹೇಗೂ ಹೋಗುವುದಿದ್ದರೆ ಮಾತ್ರ ಲಾಭ.

ಹಂತ 5: ಒಳಗೆ ಹೋಗಿ, ಒಂದು ಸುತ್ತು ಬರಿಗೈಯಲ್ಲಿ ಹಾಕಿ

ಬಾಗಿಲಲ್ಲಿ ಸೆಕ್ಯುರಿಟಿಯವರು ನಿಮ್ಮ ಚೀಲ ಕೇಳಬಹುದು. ಕೊಡಿ, ಟೋಕನ್ ಇಸಿದುಕೊಳ್ಳಿ. ದುಡ್ಡು, ಮೊಬೈಲ್, ಒಡವೆಯನ್ನು ಚೀಲದಲ್ಲಿ ಬಿಡಬೇಡಿ.

ಬಾಸ್ಕೆಟ್ ಈಗಲೇ ಬೇಡ. ಯಾವ ವಿಭಾಗ ಎಲ್ಲಿದೆ, ಟ್ರಯಲ್ ರೂಮ್ ಎಲ್ಲಿ, ಬಿಲ್ ಕೌಂಟರ್ ಎಲ್ಲಿ ಎಂದು ನೋಡಿಕೊಂಡು ಬನ್ನಿ. ಬಾಗಿಲ ಎದುರಿನ ರಾಶಿಯಲ್ಲಿ ಹೊಸ ಮಾಲು, ದೊಡ್ಡ ಬೋರ್ಡು ಇರುತ್ತವೆ. ನಿಜವಾಗಿ ಬೆಲೆ ಇಳಿದದ್ದು ಹೆಚ್ಚಾಗಿ ಹಿಂದಿನ ಗೋಡೆಯ ಕಡೆ, 'ಲಾಸ್ಟ್ ಪೀಸ್' ಎಂದು ಬರೆದ ಹ್ಯಾಂಗರಿನಲ್ಲಿ ಸಿಗುತ್ತದೆ.

ಸೈಜ್ ಸಿಗದಿದ್ದರೆ ಕೇಳಲು ನಾಚಬೇಡಿ. "ತಮ್ಮಾ, ಇದರಾಗ 40 ಸೈಜ್ ಐತೇನು?" ಎಂದರೆ ಸಾಕು. ಇಂಗ್ಲಿಷ್ ಬೇಕಿಲ್ಲ. ಆ ಹುಡುಗನೂ ನಮ್ಮ ಕಡೆಯ ಯಾವುದೋ ಹಳ್ಳಿಯವನೇ ಆಗಿರುತ್ತಾನೆ.

ಹಂತ 6: ಟ್ಯಾಗ್ ಓದಿ

ಟ್ಯಾಗ್ ತಿರುಗಿಸಿ. ಯಾರು ಮಾಡಿದ್ದು ಅಥವಾ ಮಾರುವ ಕಂಪನಿ ಯಾವುದು, ಸೈಜ್ ಅಕ್ಷರ ಮತ್ತು ಸೆಂಟಿಮೀಟರ್, ಎಂಆರ್‌ಪಿ, ದೂರು ಹೇಳಲು ಫೋನ್ ನಂಬರ್, ಇಷ್ಟು ಇರಬೇಕು. ಬಿಡಿಯಾಗಿ ತೂಗುಹಾಕಿ ಮಾರುವ ಬಟ್ಟೆಗೂ ಕಾನೂನಿನಲ್ಲಿ ಇಷ್ಟು ಕಡ್ಡಾಯ. ಇವು ಯಾವುವೂ ಇಲ್ಲದೆ ಬರೀ ದೊಡ್ಡ ಬ್ರಾಂಡಿನ ಹೆಸರು ಮಾತ್ರ ಇದ್ದರೆ ಅಲ್ಲೇ ಬಿಟ್ಟುಬಿಡಿ.

ಎಂಆರ್‌ಪಿ ಎಂದರೆ ಇದಕ್ಕಿಂತ ಹೆಚ್ಚಿಗೆ ಮಾರಬಾರದು ಎಂಬ ಗೆರೆ, ಅಷ್ಟೇ. ಆ ಗೆರೆಯನ್ನು ಎಳೆಯುವುದು ಸರ್ಕಾರವಲ್ಲ, ಕಂಪನಿ. ಎಷ್ಟು ಎತ್ತರಕ್ಕೆ ಬೇಕಾದರೂ ಎಳೆದುಕೊಳ್ಳಬಹುದು. ಎತ್ತರಕ್ಕೆ ಎಳೆದಷ್ಟೂ ರಿಯಾಯಿತಿ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದಲೇ ನಿಮ್ಮ ಚೀಟಿ.

ಟ್ಯಾಗಿನ ಮೇಲೆ ಸ್ಟಿಕ್ಕರ್ ಅಂಟಿಸಿದ್ದರೆ ಉಗುರಿನಿಂದ ಮೆಲ್ಲಗೆ ಮುಟ್ಟಿ ನೋಡಿ. ಕಡಿಮೆ ಬೆಲೆಯ ಸ್ಟಿಕ್ಕರ್ ಅಂಟಿಸಲು ನಿಯಮದಲ್ಲಿ ಅವಕಾಶವಿದೆ, ಆದರೆ ಅದು ಮೂಲ ಎಂಆರ್‌ಪಿಯನ್ನು ಮುಚ್ಚಬಾರದು. ಹೆಚ್ಚಿನ ಬೆಲೆಯ ಸ್ಟಿಕ್ಕರ್ ಅಂಟಿಸುವುದಂತೂ ತಪ್ಪು.

ಹಂತ 7: ಆಫರ್ ಲೆಕ್ಕ ಬಿಡಿಸಿ

ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆಗೆಯಿರಿ. ಲೆಕ್ಕ ಹಾಕುತ್ತ ನಿಲ್ಲುವುದರಲ್ಲಿ ಅವಮಾನವಿಲ್ಲ.

'50% ಆಫ್' ಬೇರೆ, 'ಅಪ್ ಟು 50% ಆಫ್' ಬೇರೆ. 'ಅಪ್ ಟು' ಎಂಬ ಎರಡು ಪದ ಸಣ್ಣ ಅಕ್ಷರದಲ್ಲಿರುತ್ತವೆ. ಅರ್ಧ ಬೆಲೆ ಒಂದೆರಡು ವಸ್ತುವಿಗೆ, ಮಿಕ್ಕದ್ದಕ್ಕೆ ಹತ್ತೋ ಇಪ್ಪತ್ತೋ.

'50% + 20%' ಎಂದರೆ 70 ಅಲ್ಲ. 1,000ದ ಶರ್ಟು ಮೊದಲು 500 ಆಗುತ್ತದೆ, ಆ 500ರಲ್ಲಿ ಶೇ 20 ಎಂದರೆ 100 ಹೋಗಿ 400. ಒಟ್ಟು ಶೇ 60.

'ಬೈ 1 ಗೆಟ್ 1' ಎಂದರೆ ಎರಡರಲ್ಲಿ ಕಡಿಮೆ ಬೆಲೆಯದು ಪುಕ್ಕಟೆ. 1,200ರದ್ದೊಂದು 800ರದ್ದೊಂದು ಹಿಡಿದರೆ 1,200 ಕೊಡಬೇಕು, ಅಂದರೆ ಶೇ 40 ಮಾತ್ರ ಕಡಿಮೆ. ಸಮ ಬೆಲೆಯವು ಎರಡು ಹಿಡಿದರೆ ಅರ್ಧ. 'ಬೈ 2 ಗೆಟ್ 1'ರಲ್ಲಿ 900ರ ಮೂರು ಶರ್ಟಿಗೆ 1,800, ಒಂದಕ್ಕೆ 600 ಬಿತ್ತು. ಆದರೆ ನಿಮ್ಮ ಚೀಟಿಯಲ್ಲಿ 500ರೊಳಗಿನ ಶರ್ಟು ಒಂದೇ ಇದ್ದರೆ? ಆಗ 1,300 ಹೆಚ್ಚಿಗೆ ಖರ್ಚಾಯಿತು ಎಂದೇ ಲೆಕ್ಕ. ಪಕ್ಕದ ಮನೆಯವರ ಜೊತೆ ಹೋಗಿದ್ದರೆ ಪಾಲು ಹಾಕಿಕೊಳ್ಳಿ, ಅದು ಜಾಣತನ.

ಇಷ್ಟು ಸಾವಿರಕ್ಕೆ ಕೊಂಡರೆ ಮುಂದಿನ ಸಲಕ್ಕೆ 500ರ ವೋಚರ್ ಎನ್ನುವುದನ್ನು ದೂರದೂರಿನವರು ಲೆಕ್ಕಕ್ಕೇ ಹಿಡಿಯಬೇಡಿ. ಅದನ್ನು ಬಳಸಲು ಮತ್ತೆ ಬಸ್ ಹತ್ತಬೇಕು, ಮತ್ತೆ ಅಷ್ಟು ಸಾವಿರ ಕೊಳ್ಳಬೇಕು, ಅದಕ್ಕೊಂದು ಕೊನೆಯ ತಾರೀಖು ಬೇರೆ.

ಹಂತ 8: ವಸ್ತುವನ್ನು ಒಳಗು ಹೊರಗು ಮಾಡಿ ನೋಡಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲಿ ಕಳೆಯಿರಿ. ಮಿಕ್ಕ ಮಾಲಿನ ಜೊತೆ 'ಸೆಕೆಂಡ್ಸ್', ಅಂದರೆ ತಪಾಸಣೆಯಲ್ಲಿ ಬಿದ್ದುಹೋದ ಮಾಲೂ ಬೆರೆತಿರುತ್ತದೆ. ದೋಷವಿದ್ದ ಮಾತ್ರಕ್ಕೆ ಕೆಟ್ಟದ್ದಲ್ಲ. ಹೊಲಕ್ಕೆ ಹಾಕಿಕೊಳ್ಳುವ ಪ್ಯಾಂಟಿನ ಒಳಜೇಬಿನ ಹೊಲಿಗೆ ಸೊಟ್ಟಗಿದ್ದರೆ ಯಾರಿಗೆ ಏನು? ದೋಷ ಎಲ್ಲಿದೆ ಎಂದು ನಿಮಗೆ ಗೊತ್ತಿರಬೇಕು, ಬೆಲೆ ಅದಕ್ಕೆ ತಕ್ಕ ಹಾಗಿರಬೇಕು.

ಶರ್ಟನ್ನು ಕಿಟಕಿಯ ಬೆಳಕಿಗೆ ಒಯ್ಯಿರಿ. ಮಳಿಗೆಯ ಲೈಟಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆ. ತೋಳಿನ ಬಣ್ಣವೂ ಮೈಯ ಬಣ್ಣವೂ ಒಂದೇ ಇದೆಯೇ? ಬೇರೆ ಬೇರೆ ಥಾನಿನಿಂದ ಕತ್ತರಿಸಿದ್ದರೆ ಒಂದು ತೋಳು ಮಸುಕಾಗಿರುತ್ತದೆ. ಹ್ಯಾಂಗರ್ ಮೇಲೆ ಬಹಳ ಕಾಲ ತೂಗಿದ್ದರೆ ಹೆಗಲಿನ ಮಡಿಕೆಯಲ್ಲಿ ಬಿಳಿಚಿದ ಗೆರೆ ಕಾಣುತ್ತದೆ, ಒಗೆದರೂ ಅದು ಹೋಗುವುದಿಲ್ಲ.

ಬಟ್ಟೆಯನ್ನು ತಿರುವಿ ಒಳಗಡೆಯ ಹೊಲಿಗೆ ನೋಡಿ. ಎರಡೂ ಕೈಯಿಂದ ಹೊಲಿಗೆಯ ಎರಡು ಪಕ್ಕ ಹಿಡಿದು ಸ್ವಲ್ಪ ಎಳೆಯಿರಿ. ದಾರದ ನಡುವೆ ಬೆಳಕು ಕಂಡರೆ ಮೂರು ಒಗೆತಕ್ಕೆ ಬಿಡುತ್ತದೆ. ಗುಂಡಿ ಎಣಿಸಿ. ಜಿಪ್ಪನ್ನು ಮೇಲೆ ಕೆಳಗೆ ಆಡಿಸಿ, ಒಂದು ಸಲವಲ್ಲ, ನಾಲ್ಕೈದು ಸಲ. ಪ್ಯಾಂಟಿನ ಎರಡು ಕಾಲನ್ನೂ ಒಂದರ ಮೇಲೊಂದು ಹಾಸಿ. ಉದ್ದ ಸಮ ಇದೆಯೇ, ಹೊಲಿಗೆ ಮೊಣಕಾಲಿನಿಂದ ತಿರುಚಿಕೊಂಡು ಮುಂದಕ್ಕೆ ಬರುತ್ತದೆಯೇ? ತಿರುಚಿದ ಕಾಲು ಇಸ್ತ್ರಿಗೆ ನಿಲ್ಲುವುದಿಲ್ಲ, ಟೈಲರ್ ಕೈಗೂ ಸಿಗುವುದಿಲ್ಲ.

ಇಲಾಸ್ಟಿಕ್ ಇದ್ದರೆ ಎಳೆದು ಕಿವಿಯ ಹತ್ತಿರ ಹಿಡಿಯಿರಿ. ಹಳೆಯ ಇಲಾಸ್ಟಿಕ್ ಹಪ್ಪಳದಂತೆ ಚಟಚಟ ಎನ್ನುತ್ತದೆ. ಅಂಥದ್ದನ್ನು ವಾಪಸ್ ಇಟ್ಟುಬಿಡಿ, ಮಕ್ಕಳ ಚಡ್ಡಿ ವಾರದಲ್ಲಿ ಜಾರುತ್ತದೆ.

ಬೂಟಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಪಿಯು ಸೋಲ್ ಎಂದು ಬರೆದಿರುವ, ಕೈಗೆ ಹಗುರವಾದ ಬೂಟುಗಳು ಡಬ್ಬಿಯಲ್ಲಿ ಸುಮ್ಮನೆ ಕೂತಿದ್ದರೂ ಹಾಳಾಗುತ್ತವೆ. ಗಾಳಿಯ ತೇವವೇ ವರ್ಷಗಟ್ಟಲೆ ಸೋಲನ್ನು ಒಳಗೊಳಗೆ ತಿನ್ನುತ್ತದೆ. ಹೊರಗಿಂದ ಹೊಚ್ಚ ಹೊಸದು, ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಸೋಲು ಪುಡಿಪುಡಿ. ಆದ್ದರಿಂದ ಡಬ್ಬಿಯ ಮೇಲೆ ತಯಾರಾದ ತಿಂಗಳು, ವರ್ಷ ನೋಡಿ. ಸೋಲನ್ನು ಹೆಬ್ಬೆರಳಿನಿಂದ ಒತ್ತಿ, ಬೂಟನ್ನು ನಡುವೆ ಬಗ್ಗಿಸಿ. ಬಿರುಕು, ಅಂಟಿನ ಗೆರೆ ಬಿಟ್ಟದ್ದು, ಬೆರಳಿಗೆ ಪುಡಿ ಹತ್ತಿದ್ದು ಕಂಡರೆ ಬಿಡಿ, ಎಷ್ಟೇ ಅಗ್ಗವಿರಲಿ. ಎಡ ಬಲ ಎರಡೂ ಒಂದೇ ಸೈಜೇ ಎಂದೂ ನೋಡಿ. ಮಿಕ್ಕ ಮಾಲಿನಲ್ಲಿ ಒಂದು 8, ಇನ್ನೊಂದು 9 ಬೆರೆತಿರುವುದುಂಟು.

ಪ್ರೆಷರ್ ಕುಕ್ಕರ್, ಹೆಲ್ಮೆಟ್ ಕಂಡರೆ ಐಎಸ್‌ಐ ಗುರುತಿಲ್ಲದೆ ಮುಟ್ಟಬೇಡಿ. ಕ್ರೀಮು, ಪೌಡರಿಗೆ ಎಕ್ಸ್‌ಪೈರಿ ತಾರೀಖು. ಇವೆರಡರಲ್ಲಿ ರಿಯಾಯಿತಿಯ ಮಾತೇ ಬೇಡ.

ಹಂತ 9: ಹಾಕಿ ನೋಡಿ

ಟ್ರಯಲ್ ರೂಮಿಗೆ ಹೋಗಲು ಹಿರಿಯರು, ಅದರಲ್ಲೂ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಬಾಗಿಲಿಗೆ ಒಳಚಿಲಕ ಇದೆ ಎಂದು ನೋಡಿಕೊಳ್ಳಿ, ಜೊತೆಯವರನ್ನು ಹೊರಗೆ ನಿಲ್ಲಿಸಿಕೊಳ್ಳಿ. ಸುಮ್ಮನೆ ನಿಂತು ಕನ್ನಡಿ ನೋಡಿದರೆ ಸಾಲದು. ಕುಕ್ಕರಗಾಲಲ್ಲಿ ಕೂತು ಏಳಿ, ಕೈ ಮೇಲೆತ್ತಿ. ನೆಲದ ಮೇಲೆ ಕೂತು ಉಣ್ಣುವ ಮನೆಯಲ್ಲಿ ಇದೇ ಪರೀಕ್ಷೆ. ಬೂಟನ್ನು ಎರಡೂ ಕಾಲಿಗೆ ಹಾಕಿ, ಅಷ್ಟು ದೂರ ನಡೆದು ಬನ್ನಿ.

ಮನೆಯಲ್ಲಿ ಬಿಟ್ಟುಬಂದವರಿಗೆ ಕೊಳ್ಳುವುದಿದ್ದರೆ ಹಂತ 3ರ ಟೇಪ್ ಈಗ ತೆಗೆಯಿರಿ.

ಹಂತ 10: ಬಾಸ್ಕೆಟ್ಟಿನಿಂದ ಕೆಲವನ್ನು ವಾಪಸ್ ಇಡಿ

ಕೌಂಟರಿಗೆ ಹೋಗುವ ಮೊದಲು ಒಂದು ಮೂಲೆಯಲ್ಲಿ ನಿಂತು ಚೀಟಿಯ ಜೊತೆ ತಾಳೆ ನೋಡಿ. ಚೀಟಿಯಲ್ಲಿಲ್ಲದ್ದು ಎಷ್ಟು ಬಿದ್ದಿದೆ? ಒಂದನ್ನು ಇಟ್ಟುಕೊಳ್ಳಿ, ಅಷ್ಟು ದೂರ ಬಂದ ಖುಷಿಗೆ. ಮಿಕ್ಕದ್ದನ್ನು ಎತ್ತಿದಲ್ಲೇ ಇಡಿ.

ಹಂತ 11: ಬಿಲ್ ಕೌಂಟರಿನಲ್ಲಿ ಪರದೆ ನೋಡುತ್ತಿರಿ

ಒಂದೊಂದು ವಸ್ತು ಸ್ಕ್ಯಾನ್ ಆದಾಗಲೂ ಬೆಲೆ ಪರದೆಯ ಮೇಲೆ ಬರುತ್ತದೆ. ಹ್ಯಾಂಗರಿನ ಬೋರ್ಡಿನಲ್ಲಿದ್ದ ಆಫರ್ ಬಾರ್‌ಕೋಡಿಗೆ ಹತ್ತದೆ ಇರುವುದುಂಟು. ಆಗಲೇ ಹೇಳಿ, ದುಡ್ಡು ಕೊಟ್ಟ ಮೇಲೆ ಅಲ್ಲ.

ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಬಟ್ಟೆ, ಪಾದರಕ್ಷೆಗೆ ಜಿಎಸ್‌ಟಿ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18. ಬಿಲ್ಲಿನಲ್ಲಿ ಅದನ್ನು ಬಿಡಿಸಿ ತೋರಿಸುತ್ತಾರೆ, ಹೆದರಬೇಡಿ, ಅದು ಒಳಗಿನ ಲೆಕ್ಕ. ಆದರೆ ಎಂಆರ್‌ಪಿಯ ಮೇಲೆ 'ಫ್ಲಾಟ್ 40%' ಎಂದು ಬೋರ್ಡು ಹಾಕಿ, ಇಳಿದ ಬೆಲೆಯ ಮೇಲೆ ಮತ್ತೆ ತೆರಿಗೆ ಕೂಡಿಸಿದರೆ ಒಪ್ಪಬೇಡಿ. ಹೀಗೆ ಮಾಡುವುದು ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರ ಜನವರಿಯಲ್ಲೇ ಹೇಳಿದೆ. ಆಗಿನ್ನೂ ವ್ಯಾಟ್ ಕಾಲ, ಮಾತು ಈಗಲೂ ಅದೇ.

ಮೊಬೈಲ್ ನಂಬರ್ ಕೇಳುತ್ತಾರೆ. ಕೊಡಲೇಬೇಕೆಂದಿಲ್ಲ. ನಂಬರ್ ಕೊಡದಿದ್ದರೆ ಬಿಲ್ ಮಾಡುವುದಿಲ್ಲ ಎನ್ನುವುದು ಸರಿಯಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. "ನಂಬರ್ ಬ್ಯಾಡ್ರಿ, ಬಿಲ್ ಅಷ್ಟೇ ಕೊಡ್ರಿ" ಎನ್ನಿ. ಮೆಂಬರ್‌ಶಿಪ್ ಕಾರ್ಡಿಗೂ ಅದೇ ಉತ್ತರ.

ಚೀಲ ಮನೆಯಿಂದಲೇ ಒಯ್ಯಿರಿ, ಅಲ್ಲಿಯ ಕ್ಯಾರಿ ಬ್ಯಾಗಿಗೆ ದುಡ್ಡು. ಫೋನ್‌ಪೇ ನಡೆಯುತ್ತದೆ, ಆದರೂ ನೆಟ್‌ವರ್ಕ್ ಕೈಕೊಟ್ಟರೆ ಇರಲಿ ಎಂದು ಸ್ವಲ್ಪ ನಗದು ಇಟ್ಟುಕೊಳ್ಳಿ. ಬಟ್ಟೆಗೆ ಚುಚ್ಚಿದ ಪ್ಲಾಸ್ಟಿಕ್ ಸೆಕ್ಯುರಿಟಿ ಟ್ಯಾಗ್ ತೆಗೆದರೇ ಎಂದು ನೋಡಿ. ಊರಿಗೆ ಬಂದ ಮೇಲೆ ಅದನ್ನು ಕಿತ್ತರೆ ಬಟ್ಟೆಯೂ ಹರಿಯುತ್ತದೆ.

ಕೊನೆಗೆ ಒಂದು ಪ್ರಶ್ನೆ ಕೇಳಿ: "ಎಷ್ಟು ದಿನದಾಗ ಬದಲಿ ಮಾಡಿಕೊಡ್ತೀರಿ? ದುಡ್ಡು ಕೊಡ್ತೀರೋ, ಕ್ರೆಡಿಟ್ ನೋಟ್ ಕೊಡ್ತೀರೋ?" ಸೇಲಿನ ಮಾಲಿಗೆ ಕೆಲವು ಕಡೆ ಬದಲಾವಣೆಯೇ ಇಲ್ಲ. ಕೇಳಿದ್ದನ್ನು ಬಿಲ್ಲಿನ ಹಿಂದೆ ಬರೆದ ನಿಯಮದ ಜೊತೆ ಅಲ್ಲೇ ಹೋಲಿಸಿ.

ನಡುವೆ ಒಂದು ಮಾತು: ಊರಿಗೇ ಬರುವ ಸೇಲ್

ಆಟೊದಲ್ಲಿ ಮೈಕ್ ಕಟ್ಟಿಕೊಂಡು, 'ಬ್ರಾಂಡೆಡ್ ಬಟ್ಟೆಗಳ ಮಹಾ ಮಾರಾಟ, ಯಾವುದು ತಗೊಂಡ್ರೂ 200, ಕೇವಲ ಮೂರೇ ದಿನ' ಎಂದು ಕೂಗುತ್ತ ಕಲ್ಯಾಣ ಮಂಟಪದಲ್ಲಿ ಅಂಗಡಿ ಹಾಕುವವರನ್ನು ನಮ್ಮ ಐದೂ ಊರು ಕಂಡಿದೆ. ಬಸ್ ಖರ್ಚಿಲ್ಲ, ಹೋಗಿ ನೋಡಿ, ತಪ್ಪಿಲ್ಲ. ಟವೆಲ್ಲು, ಬೆಡ್‌ಶೀಟು, ಮನೆಯಲ್ಲಿ ಹಾಕುವ ಟೀ ಶರ್ಟಿಗೆ ಸರಿ. ಆದರೆ ನಾಲ್ಕನೆಯ ದಿನ ಅಲ್ಲಿ ಬಾಗಿಲಿಗೆ ಬೀಗ ಇರುತ್ತದೆ, ಬದಲಿ ಕೇಳಲು ಯಾರೂ ಇರುವುದಿಲ್ಲ. ಬಿಲ್ಲಿನಲ್ಲಿ ವಿಳಾಸ, ಜಿಎಸ್‌ಟಿ ನಂಬರ್ ಇಲ್ಲದಿದ್ದರೆ ಬೂಟು, ಮಿಕ್ಸಿ, ದುಬಾರಿ ಬಟ್ಟೆ ಏನನ್ನೂ ಕೊಳ್ಳಬೇಡಿ. ದೊಡ್ಡ ಬ್ರಾಂಡಿನ ಹೆಸರು 200ಕ್ಕೆ ಸಿಕ್ಕರೆ ಹೆಸರಿನ ಕಾಗುಣಿತವನ್ನು ಒಂದು ಸಲ ಓದಿ, ಒಂದಕ್ಷರ ಹೆಚ್ಚೋ ಕಡಿಮೆಯೋ ಇರುತ್ತದೆ.

ಹಂತ 12: ಊರಿಗೆ ಬಂದ ಮೇಲೆ

ಅಂದೇ ರಾತ್ರಿ ಬಿಲ್ಲಿನ ಫೋಟೊ ತೆಗೆದಿಡಿ. ಆ ನುಣುಪು ಕಾಗದದ ಮೇಲಿನ ಅಕ್ಷರ ಬಿಸಿಲಿಗೆ, ದಿನ ಕಳೆದ ಹಾಗೆ ಅಳಿಸಿಹೋಗುತ್ತದೆ. ಎಲ್ಲರೂ ಹಾಕಿ ನೋಡುವವರೆಗೆ ಟ್ಯಾಗ್ ಕತ್ತರಿಸಬೇಡಿ. ಜೀನ್ಸನ್ನು ಮೊದಲ ಸಲ ಬೇರೆಯಾಗಿ, ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಿರಿ, ಬಿಳಿ ಪಂಚೆ ಜೊತೆಗಂತೂ ಬೇಡವೇ ಬೇಡ.

ಬಟ್ಟೆಯಲ್ಲಿ ನಿಜವಾದ ದೋಷ ಕಂಡರೆ ಬಿಲ್ ಹಿಡಿದು ಮಳಿಗೆಗೆ ಹೋಗಿ, ಇಲ್ಲವೇ ಟ್ಯಾಗಿನ ಮೇಲಿನ ನಂಬರಿಗೆ ಫೋನ್ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲವಾದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದಿರುವುದು ಅನುಚಿತ ವ್ಯಾಪಾರ. ಬಿಲ್ ಕೊಡದಿರುವುದೂ ಅಷ್ಟೇ. ಆದರೆ 'ಬಣ್ಣ ಮನಸ್ಸಿಗೆ ಬರಲಿಲ್ಲ' ಎನ್ನುವುದು ದೋಷವಲ್ಲ. 'ಸೆಕೆಂಡ್ಸ್' ಎಂದು ಹೇಳಿಯೇ ಮಾರಿದ್ದರೆ, ಹೇಳಿದ ದೋಷಕ್ಕೆ ಜಗಳವೂ ನಿಲ್ಲುವುದಿಲ್ಲ.

ಅಂಗಡಿಯವರು ಕಿವಿಗೆ ಹಾಕಿಕೊಳ್ಳದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಿಲ್ ನಂಬರ್, ತಾರೀಖು, ಅಂಗಡಿಯ ಹೆಸರು ಕೈಯಲ್ಲಿಟ್ಟುಕೊಂಡು ಮಾತಾಡಿ, ಅವರು ಕೊಡುವ ದೂರಿನ ನಂಬರ್ ಬರೆದುಕೊಳ್ಳಿ. ಅಲ್ಲಿಗೂ ಬಗೆಹರಿಯದಿದ್ದರೆ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ.